ಎಡಗಡೆಯ ಬ್ರೇಕ್

ಕಾರಿನ ಎಡಗಡೆಯ ಸೀಟಿನ ಮುಂದಿದ್ದ ರಬ್ಬರ್ ಮ್ಯಾಟನ್ನು ಮೆಕ್ಯಾನಿಕ್ ಎತ್ತಿ ತೋರಿಸಿದ. ಬಲಗಾಲು ಊರುವ ಜಾಗದಲ್ಲಿ ಗೆರೆಗಳೆಲ್ಲ ಸವೆದು ನುಣುಪಾಗಿದ್ದವು. “ಸರ್‌ಜಿ, ಇದೇನು ಡ್ರೈವಿಂಗ್ ಸ್ಕೂಲ್ ಗಾಡಿನಾ? ಈ ಕಡೆನೂ ಬ್ರೇಕ್ ಇದ್ಯಾ?” ಎಂದು ಹಿಂದಿಯಲ್ಲಿ ಕೇಳಿ ನಕ್ಕ.

ಏಕನಾಥನಿಗೆ ನಗು ಬರಲಿಲ್ಲ. ಅದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಡತಿ ಚಂದ್ರಪ್ರಭಾ ಕೂರುವ ಜಾಗ. ದೆಹಲಿಯ ಮಯೂರ್ ವಿಹಾರದಿಂದ ಫರೀದಾಬಾದಿನ ಆಫೀಸಿಗೆ ಇಬ್ಬರೂ ದಿನಾ ಇದೇ ಕಾರಿನಲ್ಲಿ ಹೋಗಿಬರುತ್ತಿದ್ದರು. “ರೀ, ಬ್ರೇಕ್ ಕೀರಲು ಸದ್ದು ಮಾಡ್ತಿದೆ, ಒಮ್ಮೆ ತೋರಿಸಿ” ಎಂದು ಚಳಿಗಾಲದಲ್ಲೇ ಹೇಳಿದ್ದಳು. ಅವನು ಸುಸ್ತಾಗಿದ್ದ, ನಾಳೆ ಎಂದು ಎಫ್‌ಎಂ ಜೋರು ಮಾಡಿದ್ದ. ನಾಲ್ಕೈದು ಸಲ ಹೇಳಿ ಅವಳು ಸುಮ್ಮನಾದಳು. ಮರೆತಿದ್ದಾಳೆ ಎಂದುಕೊಂಡ. ಇವತ್ತು ಸಂಜೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಹಾಡನ್ನೂ ಮೀರಿಸಿತ್ತು; ಕಾರು ಮುಂದಿನ ಆಟೋಗೆ ಗೇಣು ದೂರದಲ್ಲಿ ನಿಂತಿತ್ತು. ಅವಳು ಕೆಳಗೆ ಬಿದ್ದ ಬ್ಯಾಗನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನೇ ಕಾರನ್ನು ನೇರ ಇಲ್ಲಿಗೆ ತಂದಿದ್ದ.

ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಹೊರಟರು. ಮೊದಲ ಸಿಗ್ನಲ್‌ನಲ್ಲಿ ಕಾರು ಮೆತ್ತಗೆ ನಿಂತಿತು.

“ನೋಡು, ಈಗ ಸದ್ದೇ ಇಲ್ಲ” ಎಂದ.

“ಅಚ್ಛಾ” ಎಂದಳು, ಕಿಟಕಿಯ ಆಚೆ ನೋಡುತ್ತಲೇ.

ಅಷ್ಟು ತಿಂಗಳಲ್ಲಿ ಮೊದಲ ಸಲ ಅವನು ಅವಳ ಕಾಲಿನ ಕಡೆ ನೋಡಿದ. ಬಲಗಾಲು ಮ್ಯಾಟನ್ನು ಒತ್ತಿ ಹಿಡಿದಿತ್ತು. ಸಿಗ್ನಲ್ ಹಸಿರಾದ ಮೇಲೆಯೇ ಅದು ಸಡಿಲವಾಯಿತು.