ಸೋಮವಾರದ ಕೆಂಪು ಮನುಷ್ಯ

"ತಲೆ ತಗ್ಗಿಸು ಕಣಮ್ಮಿ, ಕಂಡ್ಬುಟ್ಟಾನು!"

ಮರಿಮಲ್ಲಪ್ಪ ಮಗಳ ತಲೆಯನ್ನು ಟೀ ಅಂಗಡಿಯ ಜಗಲಿಯ ಹಿಂದಕ್ಕೆ ಒತ್ತಿದರು. ರಸ್ತೆಯಾಚೆ ಪುಟ್ಟಮಾದುವಿನ ಗ್ಯಾರೇಜು. ಅದರ ಮುಂದೆ ಅವರದೇ ಕಾರು. ಕಳ್ಳನನ್ನು ಹಿಡಿಯುತ್ತೇವೆಂದು ಚಾಮರಾಜನಗರದ ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪ ಮಗಳು ಕುಕ್ಕರುಗಾಲಲ್ಲಿ ಕೂತು ಹತ್ತು ನಿಮಿಷವಾಗಿತ್ತು.

ಕಳುವಾದದ್ದೇನು ಅಂತೀರಾ? ಏನೂ ಇಲ್ಲ. ಹದಿಮೂರು ವರ್ಷದ ಹಳೆಯ ಕಾರು. ಐದು ವಾರದ ಹಿಂದೆ, ಒಂದು ಭಾನುವಾರ, ಸ್ಟೇರಿಂಗಿನ ಹಿಂದೆ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿಕೊಂಡಿತು. ಕೂತಿರುವ ಒಬ್ಬ ಮನುಷ್ಯ, ಅವನೆದುರು ಒಂದು ದುಂಡನೆಯ ಉಂಡೆ. ಅದು ಉರಿಯುತ್ತಿದೆ ಎಂದರೆ, ಗಾಡಿ ಎಲ್ಲಾದರೂ ಗುದ್ದಿದಾಗ ಗಾಳಿಚೀಲ ಬಿಚ್ಚಿಕೊಳ್ಳುವ ಗ್ಯಾರಂಟಿ ಇಲ್ಲ.

ಮಾರನೇ ದಿನ ಪುಟ್ಟಮಾದು ನೋಡಿದ. ಪಕ್ಕದ ಸೀಟಿನಡಿಯ ಹಳದಿ ವೈರಿನ ಕೊಂಡಿ ಸಡಿಲವಾಗಿದೆ ಎಂದ. ಒತ್ತಿ ಕೂರಿಸಿದ, ಮೆಷಿನ್ ಹಚ್ಚಿ ದೀಪ ಆರಿಸಿದ. ಮುಂದಿನ ಸೋಮವಾರ ಮತ್ತೆ ಹತ್ತಿತು. ಅದರ ಮುಂದಿನ ಸೋಮವಾರವೂ ಹತ್ತಿತು. ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ವ್ರತ ಹಿಡಿದವರ ಹಾಗೆ ಸೋಮವಾರವೇ!

ಇಷ್ಟೇ ಆಗಿದ್ದರೆ ಮರಿಮಲ್ಲಪ್ಪ ಅದರ ಮೇಲೊಂದು ಸ್ಟಿಕರ್ ಅಂಟಿಸಿ ಸುಮ್ಮನಾಗುತ್ತಿದ್ದರು. ಆದರೆ ಮಗಳು ಹರ್ಷಿತಾಗೆ ಗುಂಡ್ಲುಪೇಟೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಮೊದಲ ಡ್ಯೂಟಿ. ಅವರ ಊರು ಹರದನಹಳ್ಳಿಯಿಂದ ಅಷ್ಟೊತ್ತಿಗೆ ಅಲ್ಲಿಗೆ ಮುಟ್ಟಿಸುವ ಬಸ್ಸಿಲ್ಲ.

"ಕೀ ಕೊಡಪ್ಪ," ಎಂದು ಅವಳು ಕೇಳಿದ್ದಕ್ಕೆ ಲೆಕ್ಕವಿಲ್ಲ.

"ಆ ದೀಪ ಸರಿಯಾಗ್ ಆರ್ಲಿ. ಇರೋಳು ಒಬ್ಳೇ ಮಗಳು ನೀನು," ಎಂಬುದೇ ಉತ್ತರ.

ಮೊದಲು ಇಲಿಯ ಮೇಲೆ ಅನುಮಾನ ಬಂತು. ಬೋನಿಟ್ಟರು. ಸಿಕ್ಕಿಬಿದ್ದದ್ದು ಅವರದೇ ಹೆಬ್ಬೆರಳು. ಅವರ ಅವ್ವ ಪುಟ್ಟಸಿದ್ದಮ್ಮ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದರು. ಸೋಮವಾರ ಮಾದಪ್ಪನ ವಾರವೆಂದು ಒಲೆಗೆ, ಬೀಸುವ ಕಲ್ಲಿಗೆ, ಕೊನೆಗೆ ಕಾರಿನ ಬಾಗಿಲು ತೆಗೆದು ಅದರೊಳಗೂ ವಿಭೂತಿ ಇಟ್ಟು ಬರುವ ಭಕ್ತೆ ಅವರು. ದೀಪ ಹತ್ತಿದ ಮೊದಲ ದಿನ, "ಅದ್ಯಾರ್ಲಾ ಅವ್ನು, ಕೆಂಪುಕ್ ಕೂತಿರೋನು?" ಎಂದು ಕೇಳಿದ್ದರು. "ಯಾರೂ ಅಲ್ಲ ಬುಡವ್ವ, ನಿಂಗದು ಅರ್ಥ ಆಗಲ್ಲ," ಎಂದು ಮರಿಮಲ್ಲಪ್ಪ ರೇಗಿದ್ದರು.

ಇಲಿಯನ್ನು ಬಿಟ್ಟರೆ ಉಳಿದವನು ಪುಟ್ಟಮಾದು.

ಯೋಚಿಸಿದಷ್ಟೂ ಅವನ ನಡತೆ ಹುಳುಕಾಗಿ ಕಂಡಿತು. ಎರಡನೇ ವಾರದಿಂದ ಕೂಲಿಯೇ ಬೇಡ ಅಂದ. ಯಾವ ಮೆಕ್ಯಾನಿಕ್ ಹಾಗೆ ಅಂದಾನು? "ಸೋಮವಾರ ಒಂದು ಗಂಟೆಗೇ ಬನ್ನಿ ಸಾ, ಲೇಟ್ ಮಾಡ್ಬ್ಯಾಡಿ," ಎಂದು ಹೊತ್ತು ಬೇರೆ ಗೊತ್ತು ಮಾಡುತ್ತಿದ್ದ. ಹೋದ ಕೂಡಲೇ ಟೀ ಕುಡಿದು ಬನ್ನಿ ಎಂದು ಇವರನ್ನು ಸಾಗಹಾಕುತ್ತಿದ್ದ. ಆಮೇಲೆ ಕಾರೊಳಗೆ ಕೂತು, ಗಾಜು ಏರಿಸಿ, ಏಸಿ ಹಾಕಿಕೊಂಡು ಕಾಲು ಗಂಟೆ ಹೊರಗೇ ಬರುತ್ತಿರಲಿಲ್ಲ. ಬಂದಾಗ ಮುಖದಲ್ಲಿ ಏನೋ ಒಂದು ನೆಮ್ಮದಿ. "ಅಮ್ಮಾರ್‌ನ ಚೆನ್ನಾಗ್ ನೋಡ್ಕಳಿ ಸಾ," ಎಂಬ ಬುದ್ಧಿವಾದ. ಹೋದ ವಾರವಂತೂ, "ಈ ಕಾರ್ ಮಾರೋದಾದ್ರೆ ನಂಗೇ ಏಳಿ," ಎಂದುಬಿಟ್ಟ.

ಅಲ್ಲಿಗೆ ಎಲ್ಲಾ ತಾಳೆಯಾಯಿತು. ಬೇಕಂತಲೇ ವೈರು ಸಡಿಲ ಬಿಟ್ಟು, ಇವರಿಗೆ ಬೇಸರ ಬರಿಸಿ, ಕಾರನ್ನು ಅಗ್ಗಕ್ಕೆ ಹೊಡೆಯುವ ಹುನ್ನಾರ!

"ಒಳಕ್ಕೋದ ನೋಡಪ್ಪ," ಹರ್ಷಿತಾ ಪಿಸುಗುಟ್ಟಿದಳು.

ಗಾಜು ಏರಿತು. ಇಬ್ಬರೂ ರಸ್ತೆ ದಾಟಿ ಓಡಿದರು. ಮರಿಮಲ್ಲಪ್ಪ ಬಾಗಿಲನ್ನು ಭರ್ರನೆ ಎಳೆದರು.

"ಸಿಕ್ಬುಟ್ಟೆ ಕಣ್ಲಾ ಪುಟ್ಮಾದು!"

ಸ್ಟೇರಿಂಗಿನ ಹಿಂದೆ ಕೆಂಪು ಮನುಷ್ಯ ಕೂತಿದ್ದ, ಎದುರಿಗೊಂದು ದುಂಡನೆಯ ಉಂಡೆ. ಪಕ್ಕದ ಸೀಟಿನಲ್ಲಿ ಪುಟ್ಟಮಾದು ಕೂತಿದ್ದ, ಅವನೆದುರೂ ಒಂದು ದುಂಡನೆಯ ಉಂಡೆ. ತೊಡೆಯ ಮೇಲೆ ಅಗಲವಾದ ಸ್ಟೀಲ್ ಡಬ್ಬಿ, ಅದರೊಳಗೆ ರಾಗಿಮುದ್ದೆ.

ಬಾಯಲ್ಲಿದ್ದ ತುತ್ತನ್ನು ಅವನು ನಿಧಾನವಾಗಿ ನುಂಗಿದ. "ಬನ್ನಿ ಸಾ. ಇವತ್ತು ಉಳ್ಳಿಕಾಳ್ ಬಸ್ಸಾರು."

"ಎಲ್ಲಿತ್ಲಾ ಇದು?"

"ಸೀಟ್ ಅಡೀಲಿ. ವಾರವಾರ ಅಲ್ಲೇ ಇರ್ತದೆ. ಅಮ್ಮಾರು ನಂಗೇ ಅಂತ ಕಳುಸ್ತಾರಲ್ವಾ?"

ಹರ್ಷಿತಾ ಬಗ್ಗಿ ಸೀಟಿನಡಿ ಕೈಯಾಡಿಸಿದಳು. ಹಳದಿ ಕೊಂಡಿ ಕಳಚಿ ನೇತಾಡುತ್ತಿತ್ತು. "ಅಯ್ಯೋ ಅಪ್ಪ! ಡಬ್ಬಿ ತುರುಕ್ದಾಗ ಇದು ಕಿತ್ಕತದೆ. ಅಷ್ಟೇ!"

"ಅದು ನಂಗೆ ಎಲ್ಡನೇ ವಾರಕ್ಕೇ ಗೊತ್ತಾಯ್ತು ಕಣವ್ವ," ಪುಟ್ಟಮಾದು ನಾಚಿ ತಲೆ ತಗ್ಗಿಸಿದ. "ನಿಮ್ಗೆ ಏಳ್ಬುಟ್ರೆ ಮುದ್ದೆ ನಿಂತೋಯ್ತದಲ್ಲ."

ಹರ್ಷಿತಾ ಅಪ್ಪನ ಮುಂದೆ ಅಂಗೈ ಒಡ್ಡಿದಳು. ಮರಿಮಲ್ಲಪ್ಪ ಅದರ ಮೇಲೆ ಕಾರಿನ ಇನ್ನೊಂದು ಕೀ ಇಟ್ಟರು. ಅವಳು ರಸ್ತೆಯಲ್ಲೇ ಒಂದು ಸುತ್ತು ಕುಣಿದಳು. ಅವರು ಹೆಬ್ಬೆರಳು ನೀವಿಕೊಳ್ಳುತ್ತಾ ಮನೆಗೆ ಫೋನು ಹಚ್ಚಿದರು.

"ಅವ್ವಾ, ಆ ಪುಟ್ಟಮಾದುಗ್ಯಾಕವ್ವ ವಾರವಾರ ಮುದ್ದೆ ಕಳುಸ್ತೀಯೆ?"

"ಯಾವ್ ಪುಟ್ಟಮಾದುಲಾ?" ಅತ್ತಲಿಂದ ಅವ್ವನ ದನಿ ಖಣಖಣ ಕೇಳಿತು. "ನಾನಿಕ್ಕಿದ್ದು ಆ ಕೆಂಪು ಮನ್ಸುನ್ಗೆ. ಪಾಪ, ಮುದ್ದೆ ಮುಂದೆ ಕೂತಂಗ್ ಕೂತ್ಕಂಡು ಕೇಳ್ತಾವ್ನೆ, ನಿಂಗೆ ಕಣ್ ಕಾಣಲ್ವಾ? ಒಟ್ಟೆ ತುಂಬ್ತಿದ್ದಂಗೆ ಎದ್ದೋಯ್ತಾನೆ. ಡಬ್ಬೀನೂ ತೊಳ್ದು ಮಡುಗ್ತಾನೆ ಕಣ್ಲಾ, ನಿನ್ನಂಗಲ್ಲ!"