ಅಲ್ಲಿ ನಾನು ಯಾರ ಹೆಂಡತಿ?

ಕನ್ನಡಕದಂಗಡಿಯವನು ಮದುವೆಯ ಮಾತೆತ್ತಿದಾಗ ಟೈಲರಮ್ಮ ಮಿಷನ್ ನಿಲ್ಲಿಸಲಿಲ್ಲ. ತೋಳಿನ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಆಮೇಲೆ ತಲೆಯೆತ್ತಿದಳು.

"ನನಗೂ ಮನಸ್ಸಿದೆ. ಆದ್ರೆ ತೀರಿಹೋದ ನಮ್ಮೆಜಮಾನ್ರು ಮೇಲೆ ಕಾಯ್ತಾ ಇರ್ತಾರೆ. ನಾಳೆ ಅಲ್ಲಿಗೆ ಹೋದಾಗ ನಾನು ಯಾರ ಹೆಂಡತಿ? ಅವರ ಹೆಂಡತಿನಾ, ನಿಮ್ಮ ಹೆಂಡತಿನಾ?"

"ಪ್ರೀತಿ ಇದ್ರೆ ಸಾಕಲ್ವಾ?"

"ಇಲ್ಲಿಗೆ ಸಾಕು. ನಾನು ಕೇಳಿದ್ದು ಅಲ್ಲಿಯ ವಿಷಯ."

ಅವನು ನಡುವಯಸ್ಸು ದಾಟುತ್ತಿದ್ದ ಬ್ರಹ್ಮಚಾರಿ; ಮೇಲಾಗಿ ಚರ್ಚಿನ ಕಾರ್ಯದರ್ಶಿ. ಪಾದ್ರಿಗಳ ದೇವಶಾಸ್ತ್ರದ ತರಗತಿ ಯಾರಿಗೂ ಬೇಡ, ಹಾಡು, ಪ್ರಾರ್ಥನೆ, ಕೊನೆಗೊಂದು ಲೋಟ ಚಹಾ ಇದ್ದರೆ ಚರ್ಚು ತಾನಾಗಿ ನಡೆಯುತ್ತದೆ ಎಂದು ಹೋದ ತಿಂಗಳಷ್ಟೇ ಕಮಿಟಿಯಲ್ಲಿ ಭಾಷಣ ಬಿಗಿದು, ಆ ತರಗತಿಗೆ ಬೀಗ ಜಡಿಸಿದ್ದವನೇ ಇವನು.

ಈಗ ಉತ್ತರಕ್ಕಾಗಿ ಅದೇ ಪಾದ್ರಿಗಳ ಬಾಗಿಲು ತಟ್ಟಬೇಕಾಯಿತು. ಪ್ರಶ್ನೆ ಒಬ್ಬ ಸ್ನೇಹಿತನದು ಎಂದು ಸುತ್ತಿ ಬಳಸಿ ಶುರುಮಾಡಿದ. ಪಾದ್ರಿಗಳು ಗಿಡಗಳಿಗೆ ನೀರು ಹಾಕುತ್ತಲೇ ಕೇಳಿಸಿಕೊಂಡು, ಆ ಸ್ನೇಹಿತ ಟೈಲರಮ್ಮನನ್ನೂ ಕರೆದುಕೊಂಡು ಬರಲಿ ಎಂದರು. ಅವನ ಕಿವಿ ಕೆಂಪಾಯಿತು. ತರಗತಿಯ ಸುದ್ದಿಯನ್ನು ಅವರು ಎತ್ತಲೇ ಇಲ್ಲ; ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮರುದಿನ ಸಂಜೆ ಇಬ್ಬರೂ ಹೋಗಿ ಕುಳಿತರು. ಯೇಸುವಿನ ಮುಂದೆಯೂ ಜನ ಇದೇ ಪ್ರಶ್ನೆ ಇಟ್ಟಿದ್ದರು, ಅದೂ ಒಬ್ಬರಾದ ಮೇಲೊಬ್ಬರಂತೆ ಏಳು ಗಂಡಂದಿರನ್ನು ಕಳೆದುಕೊಂಡ ಹೆಂಗಸಿನ ನೆಪದಲ್ಲಿ, ಎಂದರು ಪಾದ್ರಿಗಳು. ಸತ್ತವರು ಎದ್ದು ಬಂದ ಮೇಲೆ ಮದುವೆಯೆಂಬುದೇ ಇರುವುದಿಲ್ಲ ಎಂದು ಆತ ಉತ್ತರಿಸಿದ್ದನಂತೆ. ಕನ್ನಡಕದಂಗಡಿಯವನಿಗೆ ಹೋದ ಜೀವ ಬಂದಂತಾಯಿತು. ಟೈಲರಮ್ಮನ ಮುಖ ಮಾತ್ರ ಬಾಡಿತು.

"ಹಾಗಾದ್ರೆ ಅವರು ನನ್ನ ಗುರುತೇ ಹಿಡಿಯಲ್ವಾ?"

"ಗುರುತು ಹೋಗಲ್ಲಮ್ಮಾ ಅಂತಲೇ ನಮ್ಮ ನಂಬಿಕೆ. ಹೋಗೋದು ನನ್ನದು, ನಿನ್ನದು ಅನ್ನೋ ಹಂಚಾಟ. ಅಲ್ಲಿ ಒಬ್ಬರನ್ನ ಬಿಟ್ಟು ಇನ್ನೊಬ್ಬರನ್ನ ಆರಿಸ್ಕೋಬೇಕಾಗಿಲ್ಲ."

ವಾಪಸು ಬಂದಾಗ ಅವಳು ತನ್ನ ಹೊಲಿಗೆ ಅಂಗಡಿಯ ಮೆಟ್ಟಿಲ ಬಳಿ ನಿಂತು, ಅಂಗೈಯಿಂದ ಕಣ್ಣೊರೆಸಿಕೊಂಡು, ಮಡಚಿಕೊಂಡಿದ್ದ ಅವನ ಕಾಲರನ್ನು ಎಳೆದು ಸರಿಮಾಡಿದಳು.

"ಸರಿ, ದಿನ ಗೊತ್ತುಮಾಡಿ. ಆದ್ರೆ ಒಂದು ಮಾತು. ಅಲ್ಲಿ ಸಿಕ್ಕಾಗ ನೀವೇ ಮೊದ್ಲು ಹೋಗಿ ಅವರನ್ನ ಮಾತಾಡಿಸ್ಬೇಕು. ಅವರಿಗೆ ಸ್ವಲ್ಪ ಸಂಕೋಚ ಜಾಸ್ತಿ."