ರುಫೀನಾ ಎಂಬ ಹೆಸರು

ಮೀನು ಕರಿಯುವ ಅಂಗಡಿಯ ಬಾಗಿಲವರೆಗೆ ಬಂದು ಗಾಸ್ಪರ್ ಎರಡು ಸಲ ಹಿಂದಕ್ಕೆ ಹೋದ. ಸಾವಿರಾರು ಜನರೆದುರು ಅಳುಕದೆ ಹಾಡಿದವನು ಅವನು. ಮೂರನೆಯ ಸಲ ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ನುಗ್ಗಿದ.

ಮೂವತ್ತೆಂಟು ವರ್ಷಗಳ ಹಿಂದೆ, ಮದುವೆಯ ದಿನ ಬೆಳಿಗ್ಗೆ, ಮದುವಣಗಿತ್ತಿಯನ್ನು ಬಿಟ್ಟು ಮ್ಯಾಡ್ರಿಡ್ ಬಸ್ಸು ಹತ್ತಿದ ಭೂಪ ಇವನು. ಅಷ್ಟಕ್ಕೇ ಸುಮ್ಮನಿದ್ದರೆ ಒಂದು ಮಾತು. ಮರುವರ್ಷ ಹಾಡು ಕಟ್ಟಿದ. ಹಾಡಿನಲ್ಲಿ ಚರ್ಚಿನ ಬಾಗಿಲಲ್ಲಿ ಕಾದು ನಿಂತವನು ಇವನು, ಕೈಕೊಟ್ಟವಳು ರುಫೀನಾ. ಇಡೀ ಸ್ಪೇನ್ ಅತ್ತಿತು, ರುಫೀನಾಳಿಗೆ ಹಿಡಿಶಾಪ ಹಾಕಿತು. ಮದುವಣಗಿತ್ತಿಯ ಹೆಸರು ಹಾಕಬಾರದಿತ್ತು. ಆದರೆ ಮದುವೆಯ ನೋಂದಣಿ ಕಾಗದದಲ್ಲಿ ಮೊದಲ ಸಲ ಓದಿದಾಗಲೇ ಅದು ಅವನ ನಾಲಿಗೆಗೆ ಅಂಟಿಕೊಂಡಿತ್ತು.

"ಚಾತಾ, ನನಗೊಂದು ಪೊಟ್ಟಣ," ಎಂದು ಗಿರಾಕಿಗಳು ಕೂಗುತ್ತಿದ್ದರು. ಮೊಂಡು ಮೂಗಿನವಳೆಂದು ತೊಟ್ಟಿಲಲ್ಲೇ ಬಿದ್ದ ಅಡ್ಡಹೆಸರು. ಆ ಊರಲ್ಲಿ ಅಡ್ಡಹೆಸರಿಲ್ಲದವರೇ ಕಡಿಮೆ.

ಬಾಣಲೆಯ ಮುಂದಿದ್ದ ಚಾತಾ ತಲೆಯೆತ್ತಿದಳು.

"ಏನಯ್ಯಾ, ಬಸ್ಸು ತಡವಾಯ್ತಾ?"

ಗಿರಾಕಿಗಳು ನಕ್ಕರು. ಅವಳು ಬಾಣಲೆ ಇಳಿಸಿ, ಅವನನ್ನು ಹಿಂದಿನ ಕೋಣೆಗೆ ಕರೆದೊಯ್ದಳು.

"ಆ ಹಾಡಿಗೆ ಕ್ಷಮೆ ಕೇಳೋಕೆ ಬಂದೆ," ಎಂದ ಗಾಸ್ಪರ್. "ನಿನ್ನ ಬಾಳನ್ನೇ ಹಾಳು ಮಾಡಿಬಿಟ್ಟೆ."

"ನನ್ನದಾ? ನೀನು ಹೋದ ಮೂರನೇ ವರ್ಷಕ್ಕೆ ಮದುವೆಯಾದೆ. ಗಂಡ ಚಿನ್ನದಂಥವನು. ಊರೆಲ್ಲ ಪಾಪ ಅಂತ ನನ್ನ ಅಂಗಡಿಗೇ ಬಂತು."

ಗಾಸ್ಪರನ ಎದೆಯ ಭಾರ ಅರ್ಧ ಇಳಿಯಿತು. "ಹಾಗಾದ್ರೆ ಜನ ಬೈಲಿಲ್ವಾ?"

ಚಾತಾ ಹೋಗಿ ಬಾಗಿಲು ಹಾಕಿ ಬಂದಳು. ಈಗ ಅವಳ ಮುಖದಲ್ಲಿ ನಗೆ ಇರಲಿಲ್ಲ.

"ಬೈದ್ರು, ನನ್ನನ್ನಲ್ಲ. ನಿನ್ನ ತಲೆ ಕೆಡಿಸಿ ನನ್ನ ಮದುವೆ ಮುರಿದವಳು, ಆಮೇಲೆ ನಿನಗೂ ಕೈಕೊಟ್ಟವಳು ಅಂತ. ಅವಳ ನಿಶ್ಚಿತಾರ್ಥ ಮುರೀತು. ಅವರಪ್ಪನ ಬೇಕರಿಗೆ ಜನ ಹೋಗೋದು ಬಿಟ್ರು. ಹೋದ ಚಳಿಗಾಲದಲ್ಲಿ ಒಂಟಿಯಾಗೇ ತೀರಿಕೊಂಡಳು."

"ಯಾರು?"

"ನನ್ನ ಕಾಗದದ ಹೆಸರು ನಮ್ಮಮ್ಮನ್ನ ಬಿಟ್ರೆ ಯಾರಿಗೂ ನೆನಪಿರಲಿಲ್ಲ. ಅಮ್ಮ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ಗಾಸ್ಪರ್. ಊರಲ್ಲಿ ರುಫೀನಾ ಅಂತ ಕರೆಸಿಕೊಳ್ತಿದ್ದವಳು ಬೇಕರಿಯವರ ಮಗಳೊಬ್ಬಳೇ."

ಆ ಹುಡುಗಿಯ ಜೊತೆ ಗಾಸ್ಪರ್ ಒಮ್ಮೆಯೂ ಮಾತಾಡಿರಲಿಲ್ಲ.